ಲೋಂಡಾ ಹಾದಿಯೋ, ಮನೆಯೋ

ಲೋಂಡಾ ಜಂಕ್ಷನ್ನಿಗೆ ನಾನು ಹೋಗುವುದು ಅಲ್ಲಿಂದ ಮುಂದೆ ಎಲ್ಲಿಗಾದರೂ ಹೋಗಲಿಕ್ಕಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಗಾವಿಯಲ್ಲಿ ಮುಂಜಾನೆಯ ಪ್ಯಾಸೆಂಜರ್ ಹತ್ತುತ್ತೇನೆ, ಖಾನಾಪುರ ದಾಟಿ ಕಾಡು ಹೊಕ್ಕು ಲೋಂಡಾದಲ್ಲಿ ಇಳಿಯುತ್ತೇನೆ, ಒಂದು ಬೆಂಚು ಹಿಡಿದು ಕೂತು ಚಹಾ ಕುಡಿಯುತ್ತೇನೆ, ತಿರುಗಿ ಬರುವ ಗಾಡಿ ಹತ್ತಿ ಮನೆಗೆ ಬರುತ್ತೇನೆ. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತನಾದ ಮೇಲೆ ಹತ್ತಿದ ಚಟ ಇದು. ನನ್ನ ವಯಸ್ಸಿನವರು ವಾಕಿಂಗ್ ಹೋಗುತ್ತಾರೆ, ಭಜನೆಗೆ ಹೋಗುತ್ತಾರೆ. ನಾನು ಜಂಕ್ಷನ್ನಿಗೆ ಹೋಗುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಇದನ್ನು ಯಾರಿಗೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ, "ಖಾನಾಪುರಕ್ಕ ಹೋಗ್ಯಾರ, ಏನೋ ಕೆಲಸ ಇತ್ತಂತ" ಅನ್ನುತ್ತಾಳೆ. ಖಾನಾಪುರ ಅವಳ ತವರೂರು. ಅಲ್ಲಿಯತನಕ ಹೋದರೆ ಮರ್ಯಾದೆ, ಅಲ್ಲಿಂದ ಮುಂದೆ ಹೋದರೆ ಹುಚ್ಚು ಎಂಬುದು ಅವಳ ತೀರ್ಮಾನ.

ಹುಚ್ಚೇ ಇರಬಹುದು. ಆದರೆ ನೀವೂ ಒಮ್ಮೆ ಆ ಬೆಂಚಿನ ಮೇಲೆ ಕೂತು ನೋಡಬೇಕು. ಒಂದು ಹಳಿ ಬೆಳಗಾವಿಯ ಕಡೆಗೆ, ಅದನ್ನೇ ಹಿಡಿದು ಹೋದರೆ ಮಹಾರಾಷ್ಟ್ರ. ಒಂದು ಹಳಿ ಧಾರವಾಡ, ಹುಬ್ಬಳ್ಳಿಗೆ. ಮತ್ತೊಂದು ಕ್ಯಾಸಲ್‌ರಾಕ್ ಮುಟ್ಟಿ, ಘಾಟಿ ಇಳಿದು ಗೋವಾಕ್ಕೆ. ಬೇರೆ ಸ್ಟೇಷನ್ನುಗಳಲ್ಲಿ ನಿಮಿಷವೂ ನಿಲ್ಲದ ಗಾಡಿ ಇಲ್ಲಿ ಬಂದು ಉಸ್ಸೆಂದು ಕೂತುಬಿಡುತ್ತದೆ. ಜನ ಇಳಿಯುತ್ತಾರೆ, ಮೈ ಮುರಿಯುತ್ತಾರೆ, ನಲ್ಲಿಯಲ್ಲಿ ಮುಖ ತೊಳೆಯುತ್ತಾರೆ. ಹುಬ್ಬಳ್ಳಿ ಕಡೆಯವರು ರೊಟ್ಟಿಯ ಗಂಟು ಬಿಚ್ಚಿದರೆ, ಗೋವಾ ಕಡೆಯವರ ಚೀಲದಿಂದ ಒಣಮೀನಿನ ವಾಸನೆ ಬಂದು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸ್ವಲ್ಪ ಸರಿದು ಕೂಡುತ್ತಾರೆ. ಬೇಸಿಗೆಯಾದರೆ ಕಾಡಿನ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾರೆ. ಒಂದು ಕಿಟಕಿಯಲ್ಲಿ ಕನ್ನಡ, ಮುಂದಿನದರಲ್ಲಿ ಮರಾಠಿ, ಅದರ ಮುಂದಿನದರಲ್ಲಿ ಕೊಂಕಣಿ. ಹಣ್ಣು ಮಾತ್ರ ಎಲ್ಲರಿಗೂ ಅಷ್ಟೇ ಹುಳಿ.

ಅಲ್ಲಿ ದಸ್ತಗೀರ್ ಎಂಬ ಚಹಾ ಮಾರುವವನಿದ್ದಾನೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಮನೆಯಲ್ಲಿ ಉರ್ದು, ಪ್ಲಾಟ್‌ಫಾರ್ಮಿನ ಮೇಲೆ ಏನು ಕೇಳಿದರೆ ಅದು. ಇಷ್ಟು ಭಾಷೆಗಳನ್ನು ಹೇಗೆ ಸಂಭಾಳಿಸುತ್ತೀ ಎಂದು ಒಮ್ಮೆ ಕೇಳಿದ್ದೆ. "ಚಾ ಮಾರೂದು ಎಲ್ಲಾ ಭಾಷಾದಾಗ ಸಾಹೇಬ್ರ, ಜಗಳ ಆಡೂದು ಮನಿ ಭಾಷಾದಾಗ ಅಷ್ಟ" ಅಂದ. ನಾನು ಅದನ್ನು ಮನೆಗೆ ಬಂದು ದೊಡ್ಡ ತತ್ತ್ವವೆಂಬಂತೆ ಸುಮಿತ್ರಾಳಿಗೆ ಹೇಳಿದೆ. ಅವಳು ಒಗ್ಗರಣೆಗೆ ಸಾಸಿವೆ ಹಾಕುತ್ತ, "ಅದಕ್ಕ ಲೋಂಡಾಕ್ಕ ಹೋಗಬೇಕಿತ್ತೇನು?" ಅಂದಳು. ಅವಳದೂ ಖರೇ. ನಮ್ಮ ಮನೆಯಲ್ಲಿಯೇ ಕನ್ನಡದಲ್ಲಿ ಹೊರಟ ವಾಕ್ಯ ನಡುವೆ ಎಲ್ಲೋ ಗಾಡಿ ಬದಲಿಸಿ ಮರಾಠಿಯಲ್ಲಿ ಊರು ಮುಟ್ಟುತ್ತದೆ. ಹೇಳಿದವರಿಗೂ ಕೇಳಿದವರಿಗೂ ಅದು ಗೊತ್ತಾಗುವುದಿಲ್ಲ.

ಹೀಗೆ ಕೂತು ಕೂತು ನನಗೊಂದು ಪ್ರಶ್ನೆ ಹುಟ್ಟಿತ್ತು. ಜಂಕ್ಷನ್ ಅನ್ನುವುದು ಹಾದಿಯೋ, ಮನೆಯೋ? ಹಾದಿಯೆನ್ನೋಣವೆಂದರೆ ಜನ ಅಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ, ಮಗುವಿಗೆ ಬಟ್ಟೆ ಬದಲಿಸುತ್ತಾರೆ. ಮನೆಯೆನ್ನೋಣವೆಂದರೆ ಯಾರೂ ಅಲ್ಲಿ ಉಳಿಯುವುದಿಲ್ಲ. ಕೆಲಸವಿಲ್ಲದ ಬಡಿಗ ಏನೋ ಮಾಡಿದ ಅಂತಾರಲ್ಲ, ಹಾಗೆ ಕೆಲಸವಿಲ್ಲದ ಸ್ಟೋರ್‌ಕೀಪರನ ಪ್ರಶ್ನೆ ಇದು ಎಂದು ನೀವು ನಗಬಹುದು. ನಾನೂ ನಗುತ್ತಿದ್ದೆ. ಆದರೆ ಹೋದ ಬೇಸಿಗೆಯಲ್ಲಿ ನನ್ನ ಮಗಳ ಲಗ್ನ ಸರಿಯಾಗಿ ಈ ಪ್ರಶ್ನೆಯ ಮೇಲೆಯೇ ಬಂದು ನಿಂತಿತು.

ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಕಾಯಿದೆ ಹೇಳಬೇಕು. ಲಗ್ನಕ್ಕೆ ಕರೆಯುವುದೆಂದರೆ ಕಾರ್ಡು ಕೊಡುವುದಲ್ಲ. ಮನೆಗೇ ಹೋಗಬೇಕು, ಹೊಸ್ತಿಲು ದಾಟಬೇಕು, ಕೂಡಬೇಕು, ಅವರು ಕೊಟ್ಟ ಬೆಲ್ಲ ತಿಂದು ನೀರು ಕುಡಿಯಬೇಕು, ಮನೆಯಾಕೆಗೆ ಕುಂಕುಮ ಹಚ್ಚಬೇಕು, ಆಮೇಲೆ "ಎಲ್ಲಾರೂ ಬರಬೇಕ್ರಿ" ಅನ್ನಬೇಕು. ಓಣಿಯಲ್ಲಿ ಎದುರಾದಾಗ, ಸಂತೆಯಲ್ಲಿ ಸಿಕ್ಕಾಗ ಕರೆದರೆ ಅದು ಕರೆದಂತಲ್ಲ. ಕರೆಯದೇ ಬಿಟ್ಟರೆ ಮರೆತಿರಬೇಕು ಎಂದು ಸಮಾಧಾನ ಮಾಡಿಕೊಳ್ಳಬಹುದು. "ಹಾದಿ ಮ್ಯಾಗ ಕರದ್ರು" ಎಂಬುದಕ್ಕೆ ಸಮಾಧಾನವಿಲ್ಲ. ನಾನೊಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ಹಳೆಯ ಸ್ನೇಹಿತನೊಬ್ಬನಿಗೆ ಬಾಯಿ ತಪ್ಪಿ ಮನೆಯ ಕಾರ್ಯ ಹೇಳಿಬಿಟ್ಟು, ಸಂಜೆ ಅವನ ಮನೆಗೆ ಹೋಗಿ ಏನೂ ಆಗದವನಂತೆ ಹೊಸದಾಗಿ ಕರೆದೆ. ಅವನೂ ಏನೂ ಗೊತ್ತಿಲ್ಲದವನಂತೆ, "ಹೌದೇನು, ಯಾವಾಗ?" ಎಂದು ಆಶ್ಚರ್ಯಪಟ್ಟ. ಇಬ್ಬರ ಮರ್ಯಾದೆಯೂ ಉಳಿಯಿತು.

ಸುಮಿತ್ರಾಳಿಗೆ ಇರುವವನು ಒಬ್ಬನೇ ತಮ್ಮ, ವಸಂತ. ಗೋವಾದ ಸಾವರ್ಡೆಯಲ್ಲಿ ಪಂಪು, ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನ ಮಗನ ಲಗ್ನ ನಿಶ್ಚಯವಾಯಿತು. ಆ ಸುಮಾರಿಗೆ ನಾವಿಬ್ಬರೂ ಯಾವುದೋ ಕೆಲಸಕ್ಕೆ ಖಾನಾಪುರಕ್ಕೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ವಸಂತ ಎದುರಾದ. ಹೆಗಲಿಗೆ ಚೀಲ, ಚೀಲದ ತುಂಬ ಲಗ್ನಪತ್ರಿಕೆ, ಅವನ ಬಸ್ಸು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. "ಅಕ್ಕಾ, ಛಲೋ ಆತು ನೋಡು, ಇಲ್ಲೇ ಸಿಕ್ಕಿ" ಎಂದು ಒಂದು ಕಾರ್ಡು ಅವಳ ಕೈಯಲ್ಲಿಟ್ಟು, ತಾರೀಖು ಹೇಳಿ, ಓಡಿ ಬಸ್ಸು ಹತ್ತಿದ. ಕಿಟಕಿಯಿಂದ ಕೈ ಬೀಸಿದ. ಇವಳು ಕೈ ಎತ್ತಲಿಲ್ಲ.

ಬೆಳಗಾವಿಗೆ ಬಂದೆವು. ಮನೆಯ ಕೀಲಿ ತೆಗೆದ ಮೇಲೆ ಅವಳು ಹೇಳಿದಳು: "ಊರ ಮಂದೀಗೆಲ್ಲಾ ಮನೀಗೆ ಹೋಗಿ ಕುಂಕುಮ ಹಚ್ಚಿ ಕರದಾನ. ಒಬ್ಬಾಕಿ ಅಕ್ಕ ನಾ. ನನಗ ಬಸ್‌ಸ್ಟ್ಯಾಂಡಿನ್ಯಾಗ." ನಾನು ಏನೇನೋ ಸಮಜಾಯಿಷಿ ಕೊಟ್ಟೆ, ಅವಸರದಲ್ಲಿದ್ದ, ಮತ್ತೆ ಬಂದೇ ಬರುತ್ತಾನೆ ಅಂದೆ. ಅವನು ಬರಲಿಲ್ಲ. ನಾವು ಲಗ್ನಕ್ಕೆ ಹೋಗಲಿಲ್ಲ. ಮದುಮಗನಿಗೆ ಆರತಿ ಬೆಳಗಬೇಕಾದ ಸೋದರತ್ತೆಯೇ ಇಲ್ಲದೆ ಆ ಲಗ್ನ ಆಯಿತು. ಆಮೇಲೆ ವಸಂತ ನಾಲ್ಕು ಮಂದಿಯ ಮುಂದೆ, "ಅಕ್ಷತಾ ಹಾಕಾಕ ಬರದಾಕೀ ಹೊಸ್ತಿಲಾ ನಾ ಇನ್ನ ತುಳಿಯಂಗಿಲ್ಲ" ಅಂದನಂತೆ. ಇಂಥ ಮಾತುಗಳಿಗೆ ಟಿಕೆಟ್ಟು ಬೇಕಾಗುವುದಿಲ್ಲ, ಎರಡೇ ದಿನದಲ್ಲಿ ನಮ್ಮ ಮನೆ ಮುಟ್ಟಿತು. ನಮ್ಮ ಮನೆಯಿಂದಲೂ ಅಷ್ಟೇ ತೂಕದ ಮಾತೊಂದು ಘಾಟಿ ಇಳಿದು ಹೋಯಿತು.

ಅಂದಿನಿಂದ ಅಕ್ಕ ತಮ್ಮ ಇಬ್ಬರೂ ತಮ್ಮ ತಮ್ಮ ಮಾತನ್ನು ಕಾಯ್ದುಕೊಂಡು ಬಂದರು. ನಾಗರಪಂಚಮಿಗೆ ಇವಳು ಉಂಡಿ ಕಟ್ಟುವಾಗ ಶೇಂಗಾದುಂಡಿ ಸ್ವಲ್ಪ ಹೆಚ್ಚೇ ಕಟ್ಟುತ್ತಿದ್ದಳು, ಅದೆಂದರೆ ವಸಂತನಿಗೆ ಇಷ್ಟ, ನಮ್ಮ ಮನೆಯಲ್ಲಿ ಯಾರೂ ಅಷ್ಟು ತಿನ್ನುವುದಿಲ್ಲ. ಎರಡು ವಾರ ಡಬ್ಬಿಯಲ್ಲಿಟ್ಟು ಆಮೇಲೆ ಪಕ್ಕದ ಮನೆಗೆ ಕೊಡುತ್ತಿದ್ದಳು. ನಾನು ಲೋಂಡಾಕ್ಕೆ ಹೋಗಿ ಬಂದ ದಿನ, ಗೋವಾದ ಗಾಡಿ ಬಂತೋ, ಜನ ಬಹಳ ಇದ್ದರೋ ಎಂದು ಬೇರೆ ಏನನ್ನೋ ಕೇಳುವಂತೆ ಕೇಳುತ್ತಿದ್ದಳು. ನನಗೆ ಬಹಳ ಕೆಡುಕೆನಿಸುತ್ತಿತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನ ಸುದ್ದಿಯನ್ನು ಹೀಗೆ ರೈಲಿನ ನೆವ ಮಾಡಿ ಕೇಳಬೇಕೇ?

ಹೀಗಿರುವಾಗ ನಮ್ಮ ಮಗಳು ಮೇಘಾಳ ಲಗ್ನ ಗೊತ್ತಾಯಿತು. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆದು ತರುವವನು ಸೋದರಮಾವ. ಅವನಿಲ್ಲದಿದ್ದರೆ ದೂರದ ಸಂಬಂಧದ ಯಾರನ್ನಾದರೂ ನಿಲ್ಲಿಸುವ ರೂಢಿಯೂ ಇದೆ. ನಾನು ಅದನ್ನು ಮೆಲ್ಲಗೆ ಎತ್ತಿದೆ. ಮೇಘಾ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಾಮಾ ಬರದಿದ್ರ ನಾ ಒಬ್ಬಾಕೀನ ನಡಕೋಂತ ಬರ್ತೀನಿ, ಅಪ್ಪಾ. ಬ್ಯಾರೇವ್ರ ಕೈ ಹಿಡಿಯಂಗಿಲ್ಲ" ಅಂದಳು. ಸುಮಿತ್ರಾ ನೀರಿನ ತಂಬಿಗೆ ತರಲೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಂದಾಗ ತೀರ್ಮಾನಿಸಿಕೊಂಡೇ ಬಂದಿದ್ದಳು. "ಕರೀಬೇಕು" ಅಂದಳು. ಆದರೆ ಎಲ್ಲಿ? ಅವನ ಹೊಸ್ತಿಲು ಇವಳು ತುಳಿಯುವಂತಿಲ್ಲ, ಇವಳ ಹೊಸ್ತಿಲು ಅವನು ತುಳಿಯುವಂತಿಲ್ಲ. ಫೋನಿನಲ್ಲಿ ಕರೆಯುವುದು ಹಾದಿಯ ಮೇಲೆ ಕರೆಯುವುದಕ್ಕಿಂತ ಕಡೆ. ನಾನೊಬ್ಬನೇ ಸಾವರ್ಡೆಗೆ ಹೋಗಿ ಬರಲೇ ಎಂದೆ. ಅಕ್ಕನ ಗಂಡನನ್ನು ವಸಂತ 'ದಾಜಿ' ಅನ್ನುತ್ತಾನೆ. "ನೀವು ಹೋದ್ರ ದಾಜಿ ಕರದಂಗ ಆತು. ಅಕ್ಕ ಕರದಂಗ ಆಗೂದಿಲ್ಲ" ಅಂದಳು. ಆಗ ನನ್ನ ಬಾಯಿಂದ ಬಂತು: "ಲೋಂಡಾ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಚಟಗಾರನ ಮೇಲಿನ ಗುಮಾನಿ ಪೂರ್ತಿಯಾಗಿ ಇತ್ತು. "ಅದು ಹಾದಿ ಅಲ್ಲೇನ್ರಿ? ಅಂವಾ ಹಾದಿ ಮ್ಯಾಗ ಕರದಾ ಅಂತ ನಾ ಲಗ್ನಕ್ಕ ಹೋಗಲಿಲ್ಲ. ಈಗ ನಾನ ಹೋಗಿ ಹಾದಿ ಮ್ಯಾಗ ಕರೀಲೇನು?" ಮಾತು ನ್ಯಾಯದ್ದೇ. ಅಲ್ಲಿ ಕರೆದರೆ ಅವಳ ಇಷ್ಟು ವರ್ಷದ ಸಿಟ್ಟಿಗೆ ಬುಡವೇ ಇಲ್ಲದಂತಾಗುತ್ತದೆ. ನಾನು ನನ್ನ ಪಾಂಡಿತ್ಯವನ್ನೆಲ್ಲ ಹೊರಗೆ ತೆಗೆದೆ. ಖಾನಾಪುರ ತಾಲೂಕಿನಲ್ಲೇ ಹಲಸಿ ಇದೆಯಲ್ಲ, ಕದಂಬರ ಕಾಲದ ಗುಡಿಯಲ್ಲಿ ನರಸಿಂಹ ಇದ್ದಾನಲ್ಲ, ಅವನು ಒಳಗೂ ಅಲ್ಲ ಹೊರಗೂ ಅಲ್ಲ ಎನ್ನುವ ಜಾಗ ಹುಡುಕಿಯೇ ಕೆಲಸ ಸಾಧಿಸಿದವನು, ಮನೆ ಎಂದರೆ ಮನೆ, ಹಾದಿ ಎಂದರೆ ಹಾದಿ ಎನ್ನಲಾಗದ ಜಾಗಗಳು ಲೋಕದಲ್ಲಿ ಬೇಕಾಗುತ್ತವೆ, ಲೋಂಡಾ ಅಂಥದು ಎಂದು ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿ, "ಅಂವಾ ಅಲ್ಲಿ ಕುಂತು ಹೊಟ್ಟಿ ಸೀಳ್ಯಾನ. ನಾನೂ ನಮ್ಮ ವಸಂತಂದು ಸೀಳಲೇನು?" ಎಂದು ಎದ್ದು ಹೋದಳು. ನನ್ನ ಪುರಾಣ ಅಲ್ಲಿಗೆ ಮುಗಿಯಿತು. ಆದರೆ ಮರುದಿನ ಮುಂಜಾನೆ ನೋಡಿದರೆ ಮನೆಯ ಒಳ್ಳೆಯ ಜಮಖಾನೆ ಒಗೆದು ಹಗ್ಗದ ಮೇಲೆ ಒಣಹಾಕಿತ್ತು.

ಮೇಘಾ ಮಾಮಾನಿಗೆ ಫೋನು ಮಾಡಿ, ಅವ್ವ ಇಂಥ ದಿನ ಲೋಂಡಾಕ್ಕೆ ಬರುತ್ತಾಳೆ ಎಂದಷ್ಟೇ ಹೇಳಿದಳು. ಅವನು ಅಲ್ಲಿ ಓಡುತ್ತಿದ್ದ ಮೋಟಾರು ನಿಲ್ಲಿಸಿದನಂತೆ. ಆಮೇಲೆ, "ಬರ್ತೀನಿ. ಲೋಂಡಾ ಯಾರ ಹೊಸ್ತಿಲಾನೂ ಅಲ್ಲ" ಅಂದನಂತೆ.

ಹೊರಟ ದಿನ ಸುಮಿತ್ರಾಳ ಚೀಲ ನೋಡಿದರೆ ಅವಳು ಒಂದು ಹಗಲಿನ ಮಟ್ಟಿಗೆ ಹೊರಟವಳಲ್ಲ, ಸಂಸಾರ ಹೂಡಲು ಹೊರಟವಳು ಅನಿಸುತ್ತಿತ್ತು. ಜಮಖಾನೆ, ಹಿತ್ತಾಳೆಯ ತಂಬಿಗೆ, ಬೆಲ್ಲದ ಡಬ್ಬಿ, ಕುಂಕುಮದ ಬಟ್ಟಲು, ಅರಿಷಿಣ ಹಚ್ಚಿದ ಲಗ್ನಪತ್ರಿಕೆ, ಮೂರು ಮಂದಿಗೆ ಆಗುವಷ್ಟು ಚಪಾತಿ ಪಲ್ಯ. ಮಚ್ಛೆಯ ಕಡೆ ಕಾರ್ಖಾನೆಗಳ ತಗಡಿನ ಮಾಡು ಕಂಡಾಗ ನಾನು ನನ್ನ ನೌಕರಿಯ ಕತೆ ತೆಗೆದೆ, ಅವಳು ಚೀಲದೊಳಗಿನ ಬಟ್ಟಲು, ಡಬ್ಬಿ ಎಣಿಸುತ್ತಿದ್ದಳು. ಖಾನಾಪುರ ಸ್ಟೇಷನ್ನಿನಲ್ಲಿ ಎದುರು ಬದಿಯ ಕಿಟಕಿಯಿಂದ ಹೊರಗೆ ನೋಡಿದಳು, ತವರೂರಿನ ಕಡೆ ನೋಡಲಿಲ್ಲ. ಕಾಡು ಶುರುವಾದ ಮೇಲೆ ಒಂದೇ ಮಾತು ಕೇಳಿದಳು: "ಅಂವಾ ಬರಲಿಲ್ಲಂದ್ರ?"

ಲೋಂಡಾದಲ್ಲಿ ಅವಳು ನನ್ನ ಬೆಂಚನ್ನು ತಿರಸ್ಕರಿಸಿ ಗದ್ದಲದಿಂದ ದೂರದ ಇನ್ನೊಂದು ಬೆಂಚು ಆರಿಸಿದಳು. ಹಳೆಯ ಪೇಪರಿನಿಂದ ಸುತ್ತಲಿನ ಕಸ ಸರಿಸಿದಳು, ಬೆಂಚು ಒರೆಸಿದಳು, ಜಮಖಾನೆ ಹಾಸಿದಳು, ಒಂದು ತುದಿಗೆ ತಂಬಿಗೆಯಲ್ಲಿ ನೀರಿಟ್ಟಳು. ಚಹಾದ ಕೆಟಲು ಹಿಡಿದು ಬಂದ ದಸ್ತಗೀರ್ ಇದನ್ನೆಲ್ಲ ನೋಡಿ, "ಮನಿ ಹೂಡಾಕತ್ತೀರೇನ್ರಿ ಬಾಯಿಯವ್ರ?" ಅಂದ. "ಹೂಂನಪಾ, ಮಂದಿ ಬರೂರದಾರ" ಅಂದಳು. ಅವಳು ನಗಲಿಲ್ಲವಾದ್ದರಿಂದ ಅವನೂ ನಗಲಿಲ್ಲ. ಚಹಾಕ್ಕೆ ಆಮೇಲೆ ಬರುತ್ತೇನೆ ಎಂದು ಹೋದ.

ಗೋವಾದ ಗಾಡಿ ತಡವಾಗಿ ಬಂತು. ವಸಂತ ಇಳಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇವಳ ಬಾಯಿಂದ "ಅಯ್ಯ, ನಮ್ಮ ಅಪ್ಪನಂಗ ಆಗ್ಯಾನ" ಎಂದು ಬಂದದ್ದು ನನಗೊಬ್ಬನಿಗೆ ಕೇಳಿತು. ಅವನ ಕೈಯಲ್ಲೂ ಒಂದು ದೊಡ್ಡ ಚೀಲ. ನಮ್ಮನ್ನು ನೋಡಿದ, ನೇರ ನಮ್ಮ ಕಡೆ ಬರುವ ಬದಲು ಮೂರು ಮಾರು ದೂರದ ಇನ್ನೊಂದು ಬೆಂಚಿನ ಹತ್ತಿರ ನಿಂತ. ಚೀಲದಿಂದ ಒಂದು ಹೊಸ ಚಾದರ ತೆಗೆದು ಆ ಬೆಂಚಿನ ಮೇಲೆ ಹಾಸಿದ. ಒಂದು ಡಬ್ಬಿ, ಒಂದು ನೀರಿನ ಬಾಟಲಿ ಇಟ್ಟ. ಆಮೇಲೆ, "ಬಾ ಅಕ್ಕಾ, ಕುಂದರ ಬಾ" ಅಂದ.

ಅವನೂ ಯಜಮಾನನಾಗಿಯೇ ಬಂದಿದ್ದ. ಇವಳು ತನ್ನ ಜಮಖಾನೆಯ ಮೇಲೆ ಕೈಯಿಟ್ಟು, "ನೀ ಬಾ, ಇಲ್ಲಿ ಕುಂದರ" ಅಂದಳು. "ನೀ ಬಾ." "ಮೊದಲ ನೀ ಬಾ." ಇಬ್ಬರೂ ತಮ್ಮ ತಮ್ಮ ಬೆಂಚಿಗೆ ಆತು ನಿಂತರು. ನಡುವೆ ಪಾರ್ಸೆಲ್ಲಿನ ಗಾಡಿಯೊಂದು ಕಿರುಗುಟ್ಟುತ್ತ ಹಾದುಹೋಯಿತು. ನೀವು ಅಲ್ಲಿದ್ದರೆ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ, ನಿಜವಾಗಿ ಹೆದರಿಕೆಯಾಯಿತು. ಇದು ಇಲ್ಲಿಯೂ ಮುರಿದರೆ ಮುಂದೆ ಕರೆದುಕೊಂಡು ಹೋಗಲು ನನಗೆ ಇನ್ನೊಂದು ಜಾಗ ಗೊತ್ತಿರಲಿಲ್ಲ, ಮೇಘಾ ಒಬ್ಬಳೇ ನಡೆದು ಬರುವುದು ಕಣ್ಣಿಗೆ ಕಟ್ಟಿತು. ಜಂಕ್ಷನ್ನಿನ ಬಗ್ಗೆ ಇಷ್ಟೆಲ್ಲ ಯೋಚಿಸಿದ ನಾನು, ಅಲ್ಲಿ ಎರಡು ಬೆಂಚುಗಳಿರುತ್ತವೆ ಎಂಬುದನ್ನೇ ಯೋಚಿಸಿರಲಿಲ್ಲ.

ಕೊನೆಗೆ ವಸಂತನೇ ಬಂದ. ಚಿಕ್ಕವನು ತಾನು ಎಂಬುದು ನೆನಪಾಯಿತೋ, ಅಕ್ಕ ನೋಯುವ ಮೊಣಕಾಲು ಹಿಡಿದುಕೊಂಡದ್ದು ಕಂಡಿತೋ, ನನಗೆ ಗೊತ್ತಿಲ್ಲ. ಬಂದು ಜಮಖಾನೆಯ ತುದಿಯಲ್ಲಿ ಕೂತ. ಇವಳು ಬೆಲ್ಲ ಕೊಟ್ಟಳು, ನೀರು ಕೊಟ್ಟಳು. ಅವನು ತಂಬಿಗೆ ಎತ್ತಿ ಕುಡಿದ. ಇವಳು ಸೆರಗು ಸರಿಮಾಡಿಕೊಂಡು ಕುಂಕುಮದ ಬಟ್ಟಲು ತೆಗೆದು, ಲಗ್ನಪತ್ರಿಕೆ ಕೈಯಲ್ಲಿ ಹಿಡಿದಳು. ಅವನು ಆ ಕೈಯ ಮೇಲೆ ತನ್ನ ಕೈಯಿಟ್ಟ.

"ಅಕ್ಕಾ, ಕರೀಬ್ಯಾಡ" ಅಂದ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಯಾಕ, ಹಾದಿ ಮ್ಯಾಗ ಅಂತೇನು?"

"ಅಲ್ಲ. ಕರಿಸಿಕೊಂಡು ಬರೂ ಮಂದಿ ಬ್ಯಾರೆ. ನಾ ಹೊರಗಿನಾಂವೇನು? ಅವತ್ತ ಬಸ್‌ಸ್ಟ್ಯಾಂಡಿನ್ಯಾಗ ನಾ ನಿನ್ನ ಕರದೀನೇನು? ತಾರೀಖ ಹೇಳಿದ್ದೆ ಅಷ್ಟ. ಮಂದೀನ ಕರೀತಾರ, ಮನಿಯವ್ರಿಗೆ ತಾರೀಖ ಹೇಳ್ತಾರ."

 ಸುಮಿತ್ರಾ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ. "ಕೊಟ್ಟ ಹೆಣ್ಣಮಗಳು ವಸಂತಾ, ಕರೀಲಾರದ ಹೆಂಗ ಬರೂದೋ? ಲಗ್ನದ ದಿನ ಸೀರಿ ಉಟ್ಟು ತಯಾರಾಗಿ ಕುಂತಿದ್ದೆ. ಮುಂಜಾನಿ ಸೈತ ಬಂದು ಕರೀತೀ ಅನಕೊಂಡು ಕುಂತಿದ್ದೆ."

ಇದು ನನಗೂ ಗೊತ್ತಿರಲಿಲ್ಲ. ಆ ದಿನ ಅವಳು ಒಳ್ಳೆಯ ಸೀರೆ ಉಟ್ಟದ್ದು ನೋಡಿದ್ದೆ, ಗುಡಿಗೆ ಹೊರಟಿದ್ದಾಳೆ ಅಂದುಕೊಂಡಿದ್ದೆ. ವಸಂತ ತಲೆ ತಗ್ಗಿಸಿ, "ನೀ ಬರ್ತಿ ಅಂತ ಆರತಿ ತಾಟ ಯಾರ ಕೈಯಾಗೂ ಕೊಟ್ಟಿದ್ದಿಲ್ಲ. ಹೊತ್ತು ಮೀರೇತಿ ಅಂತ ಲಗ್ನಾ ಮಾಡ್ಸೂ ಅಯ್ಯನವ್ರು ಬೈದ ಮ್ಯಾಲೆ ಕೊಟ್ಟೆ" ಅಂದ. ಇಬ್ಬರೂ ಅತ್ತರು. ನಾನು ಮುಖ ತಿರುಗಿಸಿ ಗಾಡಿಗಳ ವೇಳಾಪಟ್ಟಿ ಓದಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಒಬ್ಬಳು ಕರೆಯಲಿ ಎಂದು ಕಾದಿದ್ದಾಳೆ, ಇನ್ನೊಬ್ಬ ಕರೆದರೆ ಅಕ್ಕ ಹೊರಗಿನವಳಾದಾಳೆಂದು ಕರೆದಿಲ್ಲ. ಇಬ್ಬರದೂ ಪ್ರೀತಿಯೇ, ಇಬ್ಬರದೂ ಸರಿಯೇ, ಆದರೂ ಇಷ್ಟು ವರ್ಷ ಹೋದವು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ನಾನು ದಸ್ತಗೀರನನ್ನು ಕೂಗಿ, ಚಹಾ ಎಲ್ಲಿ ಎಂದು ಅವನ ಮೇಲೆ ರೇಗಿದೆ. ಅವನು ಮೂರು ಕಪ್ಪು ಸುರಿದ.

ಆಮೇಲೆ ಊಟವಾಯಿತು. ಅವನ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಇವಳು ತಿಂದಳು, ಇವಳ ಚಪಾತಿಯನ್ನು ಅವನು ತಿಂದ, ಎರಡರಲ್ಲೂ ನನಗೆ ಪಾಲು ಬಂತು. ಅವನ ಮೊಮ್ಮಗಳಿಗೆ ಹಲ್ಲು ಬಂದದ್ದು, ಇವಳ ಮೊಣಕಾಲ ನೋವು, ಖಾನಾಪುರದಲ್ಲಿ ಯಾರು ಇದ್ದಾರೆ, ಯಾರು ಹೋದರು, ಎಲ್ಲ ಮಾತಾಯಿತು. ಲಗ್ನದ ಮಾತು ಮಾತ್ರ ಇಬ್ಬರೂ ತೆಗೆಯಲಿಲ್ಲ. ಅವನು ಬರುತ್ತಾನೋ ಇಲ್ಲವೋ ನನಗೆ ತಿಳಿಯಲಿಲ್ಲ. ಕರೆಯಬೇಡ ಅಂದನೇ ಹೊರತು ಬರುತ್ತೇನೆ ಅಂದಿರಲಿಲ್ಲ. ಗೋವಾಕ್ಕೆ ಹೋಗುವ ಗಾಡಿ ಬಂತು. ವಸಂತ ನನ್ನ ಕಾಲು ಮುಟ್ಟಿ, "ಬರ್ತೀನ್ರಿ ದಾಜಿ" ಎಂದು ಹತ್ತಿ ಬಾಗಿಲಲ್ಲಿ ನಿಂತ. ಲಗ್ನಪತ್ರಿಕೆ ಚೀಲದಲ್ಲೇ ಉಳಿದಿತ್ತು. ನಾನು ಸುಮಿತ್ರಾಳಿಗೆ ಸನ್ನೆ ಮಾಡಿದೆ, ಅವಳು ನನ್ನ ಕಡೆ ನೋಡಲೇ ಇಲ್ಲ.

ಗಾಡಿ ಸೀಟಿ ಹಾಕಿತು. ಆಗ ಅವಳು ಬಾಗಿಲ ಹತ್ತಿರ ಹೋಗಿ, ಹಾಲಿನವನಿಗೆ ನಾಳೆಯ ಹಾಲು ಹೇಳುವ ದನಿಯಲ್ಲಿ ಹೇಳಿದಳು: "ರವಿವಾರ ಲಗ್ನ ಐತಿ. ಶನಿವಾರ ಮುಂಜಾನೇನ ಬಾ. ಕಾಯಿ ಸುಲ್ಯಾಕ ಮನ್ಯಾಗ ಯಾರೂ ಇಲ್ಲ, ಇವರ ಕೈಲೆ ಆಗಂಗಿಲ್ಲ."

ನನ್ನ ಕೈಲಾಗುತ್ತದೆ ಎಂದು ಹೇಳಬೇಕೆಂದಿದ್ದವನು ಸುಮ್ಮನಾದೆ. ಲಗ್ನ ಇದ್ದದ್ದು ಮಂಗಲ ಕಾರ್ಯಾಲಯದಲ್ಲಿ, ಅಲ್ಲಿ ಯಾರ ಹೊಸ್ತಿಲೂ ಇಲ್ಲ. ತೆಂಗಿನಕಾಯಿ ಇದ್ದದ್ದು ನಮ್ಮ ಮನೆಯ ಅಡಿಗೆ ಮನೆಯಾಚೆಯ ಕೋಣೆಯಲ್ಲಿ. ಅಕ್ಕ 'ಮನ್ಯಾಗ' ಅಂದದ್ದರ ಅರ್ಥ ವಸಂತನಿಗೆ ತಿಳಿಯದೇ ಇರಲು ಸಾಧ್ಯವಿರಲಿಲ್ಲ. ಅವನು ಅಕ್ಕನ ಮುಖ ನೋಡುತ್ತ ನಿಂತ. ಗಾಡಿ ಅಲುಗಿತು, ಸರಿಯಿತು, ನಮ್ಮಿಂದ ಒಂದು ಡಬ್ಬಿಯಷ್ಟು ಮುಂದೆ ಹೋಯಿತು.

ಅಲ್ಲಿಂದ ಬಗ್ಗಿ ಅವನು ಕೂಗಿದ: "ಎಷ್ಟ ಅದಾವು ಕಾಯಿ?"

ಇವಳು ಕಣ್ಣೊರೆಸಿಕೊಂಡು, ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡುವಂತೆ ಕೂಗಿದಳು: "ಬಂದು ಎಣಿಸ್ಕೋ."